ಹನ್ನೆರಡರಲ್ಲಿ ನಾಲ್ಕು ಹೋದವು, ಮೂರು ಬಂದವು

ಹನ್ನೆರಡರಲ್ಲಿ ನಾಲ್ಕು ಕಳೆದು ಮೂರು ಕೂಡಿಸಿದರೆ ಹನ್ನೊಂದು. ಈ ಸತ್ಯ ನನಗೆ ತಿಳಿದದ್ದು ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಅದನ್ನು ನಾಲ್ಕು ವರ್ಷ ಐದು ಎಂದು ಕಲಿಸಿದ ಮೇಲೆ. ನಾನು ಗಣಿತದ ಮಾಸ್ತರನಾಗಿದ್ದೆ. ನಗುವವರು ಈಗಲೇ ನಕ್ಕು ಮುಗಿಸಿಕೊಳ್ಳಲಿ. ಮುಂದೆ ಅಷ್ಟು ಅನುಕೂಲವಿಲ್ಲ.

ನಿವೃತ್ತಿಯ ನಂತರ ಅನುಭವ ಬರೆಯುವವರು ಅರವತ್ತು ದಾಟಿರುತ್ತಾರೆ, ಕೊರಳಿಗೊಂದು ಶಾಲು ಬಿದ್ದಿರುತ್ತದೆ. ನನಗೆ ಮೂವತ್ತೊಂದು. ಶಾಲು ಯಾರೂ ಹಾಕಿಲ್ಲ. ಆದರೆ ನಿವೃತ್ತಿಯ ವಿಷಯದಲ್ಲಿ ನನ್ನಷ್ಟು ಅನುಭವ ಅವರಿಗಿಲ್ಲ. ನಾನು ಸರಕಾರಿ ಶಾಲೆಗಳಲ್ಲಿ ಅತಿಥಿ ಶಿಕ್ಷಕನಾಗಿದ್ದೆ; ಅಂದರೆ ಕಾಯಂ ಮಾಸ್ತರರು ಬರುವ ತನಕ ಹಲಗೆಯ ಮುಂದೆ ನಿಲ್ಲುವವನು. ಅವನು ಪ್ರತಿ ಜೂನ್‌ನಲ್ಲಿ ಸೇರುತ್ತಾನೆ, ಪ್ರತಿ ಮಾರ್ಚ್‌ನಲ್ಲಿ ನಿವೃತ್ತನಾಗುತ್ತಾನೆ. ಆ ಪ್ರಕಾರ ನಾನು ಏಳು ಸಲ ನಿವೃತ್ತನಾದವನು. ಏಳನೆಯದರ ನಂತರ ಮತ್ತೆ ಅರ್ಜಿ ಹಾಕಲಿಲ್ಲ. ಈಗ ಶೇಡಬಾಳದ ಹತ್ತಿರ ಅಪ್ಪನ ದ್ರಾಕ್ಷಿ ಹಂದರದ ಕೆಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಈ ಜೂನ್‌ಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಉಪಯೋಗವಾದರೆ ಆಗಲಿ ಎಂದು. ಬಡ್ತಿಯ ಬಗ್ಗೆ ಹೆಚ್ಚು ಬರೆಯಲಾರೆ. ಏಳು ವರ್ಷದಲ್ಲಿ ನನಗೆ ಒಂದೇ ಬಡ್ತಿ ಸಿಕ್ಕಿತು: ಮೂರು ಕಾಲಿನ ಖುರ್ಚಿಯಿಂದ ನಾಲ್ಕು ಕಾಲಿನ ಖುರ್ಚಿಗೆ.

ಮೊದಲ ಶಾಲೆ ಅಥಣಿ ಕಡೆಯದು. ಆಗ ನಾನು ಎಷ್ಟು ತೆಳ್ಳಗಿದ್ದೆನೆಂದರೆ, ಮೊದಲ ದಿನ ಮಧ್ಯಾಹ್ನ ಅಡುಗೆಯ ಅವ್ವ ನನ್ನ ಕೈಗೊಂದು ತಾಟು ಕೊಟ್ಟು, "ಏ ತಮ್ಮಾ, ಅಲ್ಲೇನ್ ನಿಂತಿ? ಸಾಲಾಗ ಕೂಡು" ಎಂದಳು. ನಾನು ಕೂತೆ. ಊಟ ಮುಗಿಯುವವರೆಗೂ ಮಾಸ್ತರ ಅಂತ ಹೇಳಲಿಲ್ಲ. ಆರನೆಯ ತರಗತಿಯವರು ಅದನ್ನು ನೋಡಿದ್ದರು. ಮರುದಿನ ನಾನು ಒಳಗೆ ಹೋದರೆ ಒಬ್ಬನೂ ಏಳಲಿಲ್ಲ.

ಆ ತರಗತಿಯನ್ನು ನಾನು ಗೆದ್ದದ್ದು ಗಣಿತದಿಂದ ಅಲ್ಲ, ಅಣಕದಿಂದ. ಸಣ್ಣವನಿದ್ದಾಗಿನಿಂದ ನನಗೆ ಯಾರ ದನಿಯಾದರೂ ಗಂಟಲಿಗೆ ಬಂದು ಕೂರುತ್ತದೆ. ಬಸ್ಸಿನ ಕಂಡಕ್ಟರ್ "ಒಳಗ್ ಸರೀರಿ, ಒಳಗ್ ಸರೀರಿ, ಹಿಂದ ಪೂರಾ ಖಾಲಿ ಐತಿ" ಎನ್ನುವುದನ್ನು ಮಾಡಿದೆ. ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರಾಲಿ ಎಳೆದುಕೊಂಡು ಏರು ಹತ್ತುವುದನ್ನು, ಒಳಗೆ ಹಾಡು ಹಚ್ಚಿರುವ ಡ್ರೈವರನ ಸಮೇತ ಮಾಡಿದೆ. ಮಕ್ಕಳು ಬೆಂಚಿನ ಕೆಳಗೆ ಬಿದ್ದು ನಕ್ಕರು. ಆಮೇಲೆ ಹೇಳಿದಂತೆ ಕೇಳಿದರು. ಯಾಕೆ ಕೇಳಿದರು ಎಂಬುದು ಬಹಳ ತಡವಾಗಿ ತಿಳಿಯಿತು. ಮುಂದಿನ ಸರದಿ ತಮ್ಮದಾಗಬಾರದು ಅಂತ ಕೇಳಿದರು. ಹೊಸಬರೇ, ತರಗತಿ ನಿಶ್ಶಬ್ದವಾಯಿತೆಂದು ಹಿಗ್ಗುವ ಮೊದಲು ಯಾವ ಕಾರಣಕ್ಕೆ ನಿಶ್ಶಬ್ದವಾಯಿತೆಂದು ನೋಡಿಕೊಳ್ಳಿ.

ಎರಡನೆಯ ವರ್ಷ ರಾಯಬಾಗ ತಾಲೂಕಿಗೆ ಬಂದೆ. ಮುಗಳಖೋಡದ ದಾರಿಯಲ್ಲಿ, ಕಬ್ಬಿನ ನಡುವೆ ಒಂದು ಶಾಲೆ. ಅಲ್ಲಿ ಮೂರು ವರ್ಷ ಇದ್ದೆ. ಮುಖ್ಯೋಪಾಧ್ಯಾಯರನ್ನು ಎಲ್ಲರೂ ಹೆಡ್ ಸರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಪ್ರತಿ ಮಾತಿಗೂ ಅವರಿಗೆ 'ಮುದ್ದಾಂ', ಅಂದರೆ ತಪ್ಪದೇ, ಬೇಕು. "ಹಾಜರಿ ಮುದ್ದಾಂ ಹಾಕ್ರಿ. ಹಾಲು ಮುದ್ದಾಂ ಕುಡಿಸ್ರಿ. ನೀವು ಮುದ್ದಾಂ ಕಟಿಂಗ್ ಮಾಡಿಸ್ರಿ." ನಾನು ಅವರ ದನಿಯಲ್ಲಿ ಮಕ್ಕಳಿಗೆ ಮುದ್ದಾಂ ಮಗ್ಗಿ ಹೇಳಿಸುತ್ತಿದ್ದೆ. ಒಮ್ಮೆ ಹಿಂದೆ ನಿಂತು ಅದನ್ನೆಲ್ಲ ಕೇಳಿದರು. "ಛಲೋ ಮಾಡ್ತೀರಿ" ಎಂದರು. "ಆದ್ರ ನನ್ನ ಧ್ವನಿ ಇಷ್ಟ ಕೀರಲ ಇಲ್ಲ. ಮುದ್ದಾಂ ತಿದ್ದಿಕೊಳ್ರಿ."

ಐದನೆಯ ತರಗತಿಯ ಗೋಡೆಯ ಮೇಲೆ ಹೆಡ್ ಸರ್ ನೀಲಿ ಬಣ್ಣದಲ್ಲಿ ಒಂದು ನಿಯಮ ಬರೆಸಿದ್ದರು. ಬಾಡ್‌ಮಾಸ್ ಎಂದು ಎಲ್ಲರೂ ಕಲಿತಿರುತ್ತಾರೆ: ಒಂದೇ ಲೆಕ್ಕದಲ್ಲಿ ಹಲವು ಕ್ರಿಯೆಗಳಿದ್ದರೆ ಯಾವುದನ್ನು ಮೊದಲು ಮಾಡಬೇಕೆಂಬ ಪಟ್ಟಿ. ಮೇಲೆ ಆವರಣ, ಅದರ ಕೆಳಗೆ 'ರ' ಅಂದರೆ ನಾಲ್ಕರ ಅರ್ಧ ಎನ್ನುವ 'ರ', ಆಮೇಲೆ ಭಾಗಾಕಾರ, ಗುಣಾಕಾರ, ಕೂಡುವುದು, ಕೊನೆಗೆ ಕಳೆಯುವುದು. ಒಂದರ ಕೆಳಗೊಂದು ಆರು ಸಾಲು. ಅಥಣಿಯಲ್ಲಿ ಓದಿಸಿದಂತೆಯೇ ನಾನು ಅದನ್ನೂ ಮೇಲಿನಿಂದ ಕೆಳಗೆ ಓದಿದೆ. ಕೂಡುವುದು ಐದನೆಯ ಸಾಲಿನಲ್ಲಿದೆ, ಕಳೆಯುವುದು ಆರನೆಯದರಲ್ಲಿ. ಹಾಗಾದರೆ ಮೊದಲು ಕೂಡಬೇಕು, ನಂತರ ಕಳೆಯಬೇಕು. ಇಷ್ಟು ಓದಲು ಬಿ.ಎಡ್. ಬೇಕಿತ್ತೆ? ನನ್ನದು ಬಿ.ಎಡ್. ಆಗಿತ್ತು, ಪ್ರಥಮ ದರ್ಜೆಯಲ್ಲಿ.

ಆ ಶಾಲೆಯಲ್ಲಿ ನನ್ನ ಮೂರನೆಯ ವರ್ಷ ಮಾಯವ್ವ ಬಂದಳು. ಕುರಿಯವರ ಮಗಳು. ತಂದೆ ಬೀರಪ್ಪನ ಹಿಂಡು ವರ್ಷದ ಅರ್ಧ ಇತ್ತ ಇದ್ದರೆ ಅರ್ಧ ಮಹಾರಾಷ್ಟ್ರದ ಕಡೆ ಇರುತ್ತದೆ. ಹಾಗಾಗಿ ಅವಳು ಎರಡು ವರ್ಷ ಅತ್ತೆಯ ಮನೆಯಲ್ಲಿದ್ದುಕೊಂಡು ಅಲ್ಲಿನ ಮರಾಠಿ ಶಾಲೆಗೆ ಹೋಗಿದ್ದಳು. ಈಗ ನಮ್ಮಲ್ಲಿ ಐದನೆಯ ತರಗತಿ. ಮಾತು ಕನ್ನಡ, ಎಣಿಕೆ ಮರಾಠಿ. ಇಪ್ಪತ್ತೊಂದು ಬರೆಯುವಾಗ ತುಟಿಯಲ್ಲೇ "ಏಕವೀಸ್" ಅಂದುಕೊಂಡು ಮೊದಲು ಒಂದನ್ನು ಬರೆದು, ಆಮೇಲೆ ಅದರ ಎಡಕ್ಕೆ ಎರಡನ್ನು ಇಡುತ್ತಿದ್ದಳು.

ನಾನು ಗೋಡೆಯ ನಿಯಮ ಓದಿಸಿದ ದಿನ ಅವಳು ಕೈ ಎತ್ತಿದಳು. "ಸರ, ನಮಗ ಅಲ್ಲೆ ಬ್ಯಾರೆ ಹೇಳಿಕೊಟ್ಟಿದ್ರು. ಕಂಚೇಭಾಗುಬೇವ."

ತರಗತಿ ಹೋ ಎಂದು ನಕ್ಕಿತು. ಕಂಸ, ಚೇ, ಭಾಗಾಕಾರ, ಗುಣಾಕಾರ, ಬೇರೀಜ್, ವಜಾಬಾಕಿ. ಮರಾಠಿ ಮಕ್ಕಳು ಅದೇ ಆರು ಸಾಲನ್ನು ಮೊದಲಕ್ಷರ ಕೂಡಿಸಿ ಒಂದೇ ಶಬ್ದ ಮಾಡಿಕೊಂಡಿರುತ್ತಾರೆ. ನಮ್ಮ 'ರ' ಅಲ್ಲಿ 'ಚೇ'. ನಮ್ಮ ಮಕ್ಕಳಿಗೆ ಕೇಳಿಸಿದ್ದು ಮಾತ್ರ ಯಾರೋ ಬೈದುಕೊಂಡಂತೆ 'ಛೇ!', ಕೊನೆಗೊಂದು ಬೇವಿನ ಗಿಡ. ನಾನು ಅದನ್ನು ಬಿಡುತ್ತೇನೆಯೇ? ಹಣೆಗೆ ಕೈ ಬಡಿದುಕೊಂಡು "ಕಂ... ಛೇ!" ಎಂದು ಅಭಿನಯಿಸಿದೆ. ಮಾಯವ್ವನೂ ನಕ್ಕಳು. ಅವತ್ತಿನದು ಅವಳೂ ಕೂಡಿ ನಕ್ಕ ನಗು. ಅದನ್ನು ಇಲ್ಲಿ ಬರೆದಿಡುವುದಕ್ಕೆ ಕಾರಣ, ಮುಂದಿನ ನಗುವಿನಲ್ಲಿ ಅವಳು ಕೂಡಲಿಲ್ಲ.

ಮುಂದಿನದು ಈ ಲೆಕ್ಕ. ಹಲಗೆಯ ಮೇಲೆ 12 – 4 + 3 ಬರೆದು ಅವಳನ್ನು ಕರೆದೆ. ಅವಳು ಯೋಚಿಸಲೂ ಇಲ್ಲ, 11 ಎಂದು ಬರೆದಳು.

"ಹೆಂಗ?" ಎಂದೆ.

"ಹನ್ನೆರಡರಾಗ ನಾಕು ಹೋದ್ವು, ಎಂಟು ಉಳದ್ವು. ಮೂರು ಬಂದ್ವು. ಹನ್ನೊಂದು."

"ಗ್ವಾಡಿ ನೋಡು. ಕೂಡೂದು ಮೊದಲ. ನಾಕು ಮೂರು ಏಳು. ಹನ್ನೆರಡರಾಗ ಏಳು ಹೋದ್ರ?"

"ಐದು. ಆದ್ರ ಸರ, ಬಂದ ಮೂರು ಎಲ್ಲಿ ಹೋದ್ವು?"

"ಎಲ್ಲಿಂದ ಬಂದ್ವು?"

"ಹಿಂಡಿಗೆ ಬಂದ್ವಲ್ರಿ. ಬಂದದ್ದನ್ನ ಹೋದದ್ದರಾಗ ಹಾಕಿದ್ರ ಹೆಂಗ್ರಿ? ಬಂದ ಮೂರು ಎಲ್ಲಿ ಹೋದ್ವು?"

ಉತ್ತರವಿಲ್ಲದಾಗ ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೆಗಲ ಮೇಲೆ ಕೋಲು ಅಡ್ಡ ಇಟ್ಟುಕೊಂಡೆ. ಅವಳ ಸಣ್ಣ ದನಿಯನ್ನು ಇನ್ನೂ ಸಣ್ಣ ಮಾಡಿ, ಬೆಂಚುಗಳ ಕೆಳಗೆ ಬಗ್ಗಿ ಬಗ್ಗಿ ಹುಡುಕುತ್ತ, "ಬಂದ ಮೂರು ಎಲ್ಲಿ ಹೋದ್ವು? ಹುರ್ರ್, ಹುರ್ರ್! ಬಂದ ಮೂರು ಎಲ್ಲಿ ಹೋದ್ವು?" ಎಂದು ತರಗತಿಯಲ್ಲೆಲ್ಲ ಅಡ್ಡಾಡಿದೆ. ನಡುವೆ ಒಂದು ಮರಿ ಒದರುವುದನ್ನೂ ಸೇರಿಸಿದೆ. ನಲವತ್ತು ಮಕ್ಕಳು ನಕ್ಕರು. ಪಕ್ಕದ ತರಗತಿಯವರು ಕಿಟಕಿಗೆ ಬಂದು ನಕ್ಕರು. ಅದು ನನ್ನ ಏಳು ವರ್ಷದ ಅತ್ಯುತ್ತಮ ಅಣಕ, ಇದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಮಾಯವ್ವ 11 ಅಳಿಸಿದಳು. 5 ಬರೆದಳು. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೋಗಿ ಕೂತಳು. ವಾರವಿಡೀ ಮಕ್ಕಳು ಊಟದ ಸಾಲಿನಲ್ಲಿ, ನಳದ ಹತ್ತಿರ, ಅವಳ ಹಿಂದೆ "ಬಂದ ಮೂರು" ಎಂದರು. ನಾನು ಬೈದು ಬಿಡಿಸಬಹುದಿತ್ತು. ಕಲಾವಿದನಿಗೆ ತನ್ನದು ಜನರ ಬಾಯಲ್ಲಿ ಓಡಾಡಿದರೆ ಖುಷಿಯಾಗುತ್ತದಲ್ಲ, ನನಗೂ ಆಯಿತು.

ಆ ವರ್ಷ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ನಮ್ಮಿಂದ ಮೂವರನ್ನು ಆರಿಸಿದೆವು. ಐದನೆಯ ತರಗತಿಯವರಿಗೆ ಒಂದೇ ಸಲ ಸಿಗುವ ಅವಕಾಶ ಅದು. ಪಾಸಾದರೆ ಆರರಿಂದ ಹತ್ತರವರೆಗೆ ಅಲ್ಲೇ ಇದ್ದು ಓದಬಹುದು. ಮೂವರಲ್ಲಿ ಮಾಯವ್ವ ಮೊದಲಿಗಳು. ಅರ್ಜಿಗೆ ಸಹಿ ಹಾಕಲು ಬೀರಪ್ಪ ಬಂದ. ಕಂಬಳಿಯನ್ನು ಬಾಗಿಲ ಹೊರಗಿಟ್ಟು ಒಳಗೆ ಬಂದು, ಹೆಡ್ ಸರ್ ಎಷ್ಟು ಹೇಳಿದರೂ ಖುರ್ಚಿಯಲ್ಲಿ ಕೂರಲಿಲ್ಲ.

"ಸೀಟ ಸಿಕ್ಕರ ಬಿಟ್ಟ ಹೋಗ್ತೀನ್ರಿ" ಎಂದ. "ಇಲ್ಲಾಂದ್ರ ನಮ್ಮ ಹಿಂದ ಬರಬೇಕ್ರಿ ಅಕಿ. ಇಲ್ಲೆ ಯಾರ ಮನ್ಯಾಗ ಬಿಡ್ಲಿ? ಅವರತ್ತಿ ಈಗ ಊರ ಬಿಟ್ಟಾಳ."

"ಮುದ್ದಾಂ ಸಿಗತೈತಿ" ಎಂದರು ಹೆಡ್ ಸರ್. "ನಮ್ಮ ಮಾಸ್ತರ ತಯಾರಿ ಮಾಡಸ್ತಾರ."

ನಾನು ತಯಾರಿ ಮಾಡಿಸಿದೆ. ಶಾಲೆ ಬಿಟ್ಟ ಮೇಲೆ ದಿನಾ ಒಂದು ತಾಸು. ಈ ವಿಷಯದಲ್ಲಿ ನನ್ನನ್ನು ಯಾರೂ ಸೋಮಾರಿ ಎನ್ನುವಂತಿಲ್ಲ. ಸೋಮಾರಿಯಾಗಿದ್ದರೆ ಒಳ್ಳೆಯದಿತ್ತು. ಕೂಡಿ ಕಳೆಯುವ ಲೆಕ್ಕವನ್ನು ಮತ್ತೆ ಮತ್ತೆ ಹಾಕಿಸಿ, ಪ್ರತಿ ಸಲ ಕೇಳಿದೆ: "ಮೊದಲು ಯಾವುದು?" ಮೂವರೂ ಒಟ್ಟಿಗೆ "ಕೂಡೂದು" ಎನ್ನುವವರೆಗೆ ಬಿಡಲಿಲ್ಲ. ಒಂದು ಸಂಜೆ ಮಾಯವ್ವ ಪಾಟಿಯಿಂದ ತಲೆ ಎತ್ತದೆ, "ಹಂಗಾರ ಬಂದ ಕುರಿ ಬಿಟ್ಟಬಿಡ್ಲೀನ್ರಿ?" ಎಂದು ಕೇಳಿದಳು. "ಪರೀಕ್ಷಾದಾಗ ಕುರಿ ಇರೂದಿಲ್ಲ, ಬರೇ ಅಂಕಿ ಇರ್ತಾವ. ಬಿಡು" ಎಂದೆ.

ಪರೀಕ್ಷೆ ರಾಯಬಾಗದಲ್ಲಿತ್ತು. ಗೇಟಿನ ಹೊರಗೆ ಕಾದಿದ್ದೆ. ಉಳಿದಿಬ್ಬರು ಮುಖ ಇಳಿಬಿಟ್ಟುಕೊಂಡು ಬಂದರು. ಮಾಯವ್ವ ಓಡುತ್ತ ಬಂದಳು.

"ಸರ, ಅಂಥಾವು ಎರಡು ಬಂದಿದ್ವು! ನೀವು ಹೇಳಿದಂಗ ಮಾಡೀನ್ರಿ. ಬಂದಾವು ಬಿಟ್ಟೀನಿ."

"ಶಾಬಾಸ್" ಎಂದೆ. ಮೂವರಿಗೂ ಮಿರ್ಚಿ ಭಜಿ ಕೊಡಿಸಿದೆ.

ಹದಿನೈದು ದಿನದ ನಂತರ ಚಿಕ್ಕೋಡಿಯಲ್ಲಿ ಗಣಿತದ ತರಬೇತಿ. ತರಬೇತಿಯಲ್ಲಿ ಏನು ಕಲಿಸುತ್ತಾರೆಂದು ಹೊಸಬರು ಕೇಳುತ್ತಾರೆ. ಚಹಾ ಯಾವಾಗ ಬರುತ್ತದೆಂದು ಊಹಿಸುವುದನ್ನು ಕಲಿಸುತ್ತಾರೆ. ಗಡಿಯ ತಾಲೂಕುಗಳಾದ್ದರಿಂದ ಕನ್ನಡ ಶಾಲೆಯವರು, ಮರಾಠಿ ಶಾಲೆಯವರು ಎಲ್ಲ ಒಂದೇ ಸಭಾಂಗಣದಲ್ಲಿ. ಮಧ್ಯಾಹ್ನ ಊಟದ ನಂತರ ಎಲ್ಲರೂ ತೂಕಡಿಸುವ ಹೊತ್ತಿಗೆ ತರಬೇತಿ ಕೊಡುವವರು, "ನಿಮ್ಮ ತರಗತಿಯ ಒಂದು ಅನುಭವ ಹೇಳಿ" ಎಂದರು. ನನಗೆ ಅಷ್ಟೇ ಬೇಕಿತ್ತು. ಎದ್ದು ಹೋಗಿ ಹಲಗೆಯ ಮೇಲೆ 12 – 4 + 3 ಬರೆದು, ಡಸ್ಟರನ್ನೇ ಕುರಿಮರಿ ಮಾಡಿ ಬಗಲಲ್ಲಿಟ್ಟುಕೊಂಡು, ಮಾಯವ್ವನನ್ನು ಪೂರ್ತಿ ಮಾಡಿ ತೋರಿಸಿದೆ. "ಬಂದ ಮೂರು ಎಲ್ಲಿ ಹೋದ್ವು?" ಸಭಾಂಗಣ ಎಚ್ಚರಾಯಿತು. ಒಬ್ಬರು ನಕ್ಕು ನಕ್ಕು ಕೆಮ್ಮಿದರು.

ಎರಡನೆಯ ಸಾಲಿನಲ್ಲಿ ನಿಪ್ಪಾಣಿಯ ಮರಾಠಿ ಶಾಲೆಯ ಶಿಂದೆ ಬಾಯಿ ಕೂತಿದ್ದರು. ಅಲ್ಲಿ ಶಿಕ್ಷಕಿಯರನ್ನು ಬಾಯಿ ಎಂದೇ ಕರೆಯುತ್ತಾರೆ. ವಯಸ್ಸಾದವರು, ನಗದೆ ಕೂತಿದ್ದರು. ನಗು ನಿಂತ ಮೇಲೆ ಕೇಳಿದರು:

"ಆಮ್ಯಾಲ ನೀವು ಆ ಪೋರಿಗೆ ಏನ್ ಹೇಳಿದ್ರಿ?"

"ಐದು ಅಂತ ತಿದ್ದಿದೆ ಬಾಯೀ."

"ಅರೆ ಬಾಬಾ, ಆಕಿ ಬರೋಬ್ಬರಿ ಹೇಳ್ಯಾಳಲ್ಲ. ಹನ್ನೊಂದ ಸರಿ."

ನಾನು ತರಬೇತಿ ಕೊಡುವವರ ಮುಖ ನೋಡಿದೆ. ಅವರು ಹಲಗೆಯನ್ನು ನೋಡಿ, "ಹ್ಞಾಂ, ಹನ್ನೊಂದು" ಎಂದು, ನನ್ನ ಮೇಲಿನ ಕರುಣೆಯಿಂದ ಚಹಾಕ್ಕೆ ಬಿಟ್ಟರು. ಬಗಲಲ್ಲಿ ಡಸ್ಟರ್ ಹಾಗೇ ಇತ್ತು.

ಚಹಾದ ಹೊತ್ತಿನಲ್ಲಿ ಬಾಯಿ ತಾವಾಗಿಯೇ ನನ್ನ ಹತ್ತಿರ ಬಂದರು. "ಪಟ್ಟಿ ಆರು ಸಾಲಿಂದಲ್ಲ" ಎಂದರು. "ಭಾ-ಗು ಒಂದು ಜೋಡಿ, ಬೇ-ವ ಒಂದು ಜೋಡಿ. ಜೋಡ್ಯಾಗ ದೊಡ್ಡದು ಸಣ್ಣದು ಇಲ್ಲ. ಎಡಕ ಯಾವುದು ಮೊದಲ ಬರ್ತದ, ಅದನ್ನ ಮೊದಲ ಮಾಡೂದು. ನಿಮಗ ಐದ ಬೇಕಾಗಿತ್ತಂದ್ರ ನಾಕು ಮೂರಕ್ಕ ಕಂಸ ಹಾಕಬೇಕಾಗಿತ್ತು."

ಸೋತವನಿಗೆ ವಾದ ಬೇಕಾಗುತ್ತದೆ. "ಎಡದಿಂದಲೇ ಯಾಕೆ?" ಎಂದೆ. "ಇದು ಯಾರು ಮಾಡಿದ ನಿಯಮ? ದೇವರದೇ?"

ಬಾಯಿ ತಮ್ಮ ಚೀಲದಿಂದ ಅಂಗಡಿಯವರು ಇಟ್ಟುಕೊಳ್ಳುವಂಥ ಹಳೆಯ ಕ್ಯಾಲ್ಕುಲೇಟರ್ ತೆಗೆದರು. ಎರಡು ಕೂಡು ಮೂರು ಗುಣಿಸು ನಾಲ್ಕು ಒತ್ತಿ ತೋರಿಸಿದರು. ಇಪ್ಪತ್ತು ಬಂತು. "ಈಗ ನಿಮ್ಮ ಮೊಬೈಲಾಗ ಒತ್ತರಿ." ಒತ್ತಿದೆ. ಹದಿನಾಲ್ಕು.

"ಯಾವುದು ಸುಳ್ಳ ಹೇಳ್ತು?"

"ಹಳೇದು."

"ಇಲ್ರಿ. ಎರಡೂ ತಪ್ಪಿಲ್ದ ಎಣಿಸ್ಯಾವ. ಅದು ಒತ್ತಿದಂಗ ಒಂದೊಂದ ಮುಗಿಸ್ಕೋತ ಹೋಗ್ತದ. ಇದು ಪೂರಾ ಓದಿ, ಗುಣಾಕಾರ ಮೊದಲ ಹುಡುಕ್ತದ. ಓದೂ ಪದ್ಧತಿ ಬ್ಯಾರೆ, ಅಷ್ಟ. ಬರದದ್ದನ್ನ ಹೆಂಗ ಓದಬೇಕು ಅನ್ನೂದು ರೂಢಿ. ಎಲ್ಲಾರೂ ಕೂಡಿ ಒಪ್ಪಿಕೊಂಡದ್ದು. ಬ್ಯಾರೆ ಒಪ್ಪಿಕೊಂಡಿದ್ರ ಬ್ಯಾರೆ ನಡೀತಿತ್ತು. ಆದ್ರ ಆ ಪೋರಿ ಹಿಂಡಿನ್ಯಾಗ ನಾಕ ಹೋಗಿ ಮೂರ ಬಂದ್ರ ಹನ್ನೊಂದ ಇರ್ತಾವಲ್ಲ, ಅದನ್ನ ಯಾರೂ ಸಭಾ ಕರದು ಒಪ್ಪಬೇಕಾಗಿಲ್ಲ."

ಇದು ನಾನು ಕಲಿತ ಅತ್ಯುತ್ತಮ ಗಣಿತ ಪಾಠ. ಹೊಸಬರು ಇದನ್ನು ಗುರುತು ಹಾಕಿಕೊಳ್ಳಲಿ. ನಮ್ಮ ಮಾತಿನಲ್ಲಿ ಇದರ ಸಾಕ್ಷಿಯೂ ಇದೆ. 'ನಾಲ್ಕರ ಅರ್ಧ' ಎಂದಾಗ 'ರ' ನಾಲ್ಕಕ್ಕೆ ಅಂಟಿಕೊಂಡೇ ಇರುತ್ತದೆ, ಅದನ್ನು ಮೊದಲು ಮಾಡಬೇಕೆಂದು ಯಾವ ಗೋಡೆಯೂ ಹೇಳಬೇಕಾಗಿಲ್ಲ. ಮಾತಿನಲ್ಲಿ ಅರ್ಥವೇ ಸರದಿ ಹಚ್ಚುತ್ತದೆ. ಅರ್ಥವನ್ನು ತೆಗೆದು ಬರೀ ಗುರುತುಗಳನ್ನು ಇಟ್ಟಾಗ ಸರದಿಯನ್ನು ಹೊರಗಿನಿಂದ ತರಬೇಕಾಗುತ್ತದೆ. ಅದಕ್ಕೇ ರೂಢಿ ಬೇಕು. ಇಷ್ಟೆಲ್ಲ ಈಗ ಹೇಳುತ್ತೇನೆ. ಅವತ್ತು ಚಿಕ್ಕೋಡಿಯಿಂದ ಬಸ್ಸಿನಲ್ಲಿ ಬರುವಾಗ ಬಾಯಿಯ ಪಾಠದಲ್ಲಿ ನಾನು ಹಿಡಿದುಕೊಂಡದ್ದು ಒಂದೇ ಶಬ್ದ: ರೂಢಿ. ರೂಢಿಯಾದರೆ ಬದಲಾಗಬಹುದಲ್ಲ! ಬದಲಾಗಬಹುದಾದರೆ, ಬದಲಾಯಿತು ಎಂದರೆ ಪೂರ್ತಿ ಸುಳ್ಳಾಗುವುದಿಲ್ಲವಲ್ಲ!

ಮರುದಿನ ಐದನೆಯ ತರಗತಿಗೆ ಹೋಗಿ, ಗೋಡೆಗೆ ಬೆನ್ನು ಮಾಡಿ ನಿಂತು ಹೇಳಿದೆ: "ನಿನ್ನೆ ತರಬೇತಿಯಾಗ ತಿಳಿಸ್ಯಾರ. ನಿಯಮ ಬದಲಾಗೈತಿ. ಇನ್ನ ಮ್ಯಾಲ ಕೂಡೂದು ಕಳಿಯೂದು, ಎಡಕ ಯಾವುದು ಮೊದಲ ಐತಿ ಅದು ಮೊದಲ."

ಮಕ್ಕಳು ಸುಮ್ಮನೆ ಬರೆದುಕೊಂಡರು. ಮಾಯವ್ವ ಎದ್ದು ನಿಂತಳು.

"ಸರ, ಯಾವಾಗ ಬದಲಾತ್ರಿ? ಪರೀಕ್ಷಾಕ್ಕಿಂತ ಮೊದಲೋ, ಆಮ್ಯಾಲೋ?"

ಈ ಪ್ರಶ್ನೆಗೆ ನನ್ನ ಗಂಟಲಿಗೆ ಯಾರ ದನಿಯೂ ಬರಲಿಲ್ಲ. ನನ್ನದೇ ದನಿಯಲ್ಲಿ ಹೇಳಬೇಕಾಯಿತು.

"ಆಮ್ಯಾಲ" ಎಂದೆ.

ಅವಳ ಮುಖದಲ್ಲಿ ನಿಶ್ಚಿಂತೆ ಬಂತು. ಕೂತಳು. ಪಕ್ಕದವಳಿಗೆ "ನಂದು ಹಳೇ ನಿಯಮದಾಗ ಸರಿ ಐತಿ" ಎಂದು ಪಿಸುಗುಟ್ಟಿದ್ದು ಕೇಳಿಸಿತು. ನನ್ನ ವೃತ್ತಿಯಲ್ಲಿ ಮಾಡಿದ ತಪ್ಪುಗಳನ್ನು ಯಾರಾದರೂ ಸಾಲಾಗಿ ನಿಲ್ಲಿಸಿದರೆ, ಐದು ಎಂದು ಕಲಿಸಿದ್ದನ್ನು ಹಿಂದಿನ ಸಾಲಿಗೆ ಕಳಿಸುತ್ತೇನೆ. ಅದು ಅರಿಯದೆ ಆದದ್ದು. ಆ 'ಆಮ್ಯಾಲ' ಮುಂದೆ ನಿಲ್ಲಬೇಕು.

ಸುದ್ದಿ ಹೆಡ್ ಸರ್‌ಗೆ ಮುಟ್ಟಿತು. ಕರೆಸಿದರು. "ನಿಯಮ ಬದಲಾಗೈತಂತಲ್ಲ. ಸುತ್ತೋಲೆ ಎಲ್ಲೈತಿ? ಮುದ್ದಾಂ ಫೈಲಿಗೆ ಹಾಕ್ರಿ. ಗ್ವಾಡಿನೂ ಬರೆಸಬೇಕು."

"ಸುತ್ತೋಲೆ ಇಲ್ರಿ ಸರ್. ಬಾಯಿಮಾತಿನಾಗ ಹೇಳಿದ್ರು."

"ಬಾಯಿಮಾತಿನಾಗ ನಿಯಮ ಬದಲಾಗತಾವೇನ್ರಿ? ನಿಯಮ ಅಂದ್ರ ನಿಯಮ. ಸುತ್ತೋಲೆ ಮುದ್ದಾಂ ಬೇಕು."

ಇನ್ನು ತಪ್ಪಿಸಿಕೊಳ್ಳಲಾಗಲಿಲ್ಲ. ಎಲ್ಲ ಹೇಳಿದೆ: ಮಾಯವ್ವನ ಹನ್ನೊಂದು, ನನ್ನ ಐದು, ಬಾಯಿಯ ಕ್ಯಾಲ್ಕುಲೇಟರ್. ಅವರು ಒಂದು ಚೀಟಿಯ ಹಿಂದೆ 12 – 4 + 3 ಬರೆದು, ಎಡದಿಂದ ಒಮ್ಮೆ ಲೆಕ್ಕ ಹಾಕಿ ನೋಡಿದರು. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.

"ನಿಮ್ಮದು ನಾಕು ವರ್ಷ" ಎಂದರು. "ನಂದು ಮೂವತ್ತೆರಡು."

ಆ ಒಂದು ಮಾತಿನಲ್ಲಿ ಮುದ್ದಾಂ ಇರಲಿಲ್ಲ. ಅವರನ್ನು ಅಣಕಿಸುವುದನ್ನು ನಾನು ಅವತ್ತೇ ಬಿಟ್ಟೆ. ರವಿವಾರ ಪೇಂಟರನನ್ನು ಕರೆಸಿ, ತಾವೇ ಎದುರು ನಿಂತು ಐದನೆಯ ಮತ್ತು ಆರನೆಯ ಸಾಲನ್ನು ಅಳಿಸಿ, ಎರಡನ್ನೂ ಒಂದೇ ಸಾಲಿನಲ್ಲಿ ಬರೆಸಿದರು. ಮೇಲಿನ ಜೋಡಿಯನ್ನೂ ಹಾಗೇ ಮಾಡಿಸಿದರು. ಮಕ್ಕಳಿಗೆ ನಿಜ ಹೇಳಬೇಕೇ ಎಂದು ನಾನು ಕೇಳಿದೆ. "ಫಲಿತಾಂಶ ಬರಲಿ" ಎಂದರು. ಅವರೂ ಹೆದರಿದ್ದರು.

ಫಲಿತಾಂಶ ಬಂತು. ಪಟ್ಟಿಯಲ್ಲಿ ಮಾಯವ್ವನ ಹೆಸರು ಇರಲಿಲ್ಲ. ಆ ಎರಡು ಲೆಕ್ಕಗಳಿಂದಲೇ ಸೀಟು ಹೋಯಿತೆಂದು ನಾನು ಹೇಳಲಾರೆ. ಯಾರಿಗೆ ಎಷ್ಟು ಅಂಕ ಬಂತೆಂದು ನಮಗೆ ತಿಳಿಸಲಿಲ್ಲ. ಅಲ್ಲ ಎಂದು ಹೇಳಿ ಹಗುರಾಗಲೂ ಆರೆ. ಅವಳು ಪಟ್ಟಿಯನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ಎರಡು ಸಲ ಓದಿದಳು. "ನಿಯಮ ಬದಲಾಗಿದ್ದು ಅವರಿಗೆ ಮೊದಲ ಗೊತ್ತಾಗಿತ್ತೇನ್ರಿ?" ಎಂದಳು. ನಾನು ಗಂಟೆ ಬಾರಿಸುವ ನೆಪ ಮಾಡಿಕೊಂಡು ಹೊರಗೆ ಹೋದೆ. ಏಪ್ರಿಲ್‌ನಲ್ಲಿ ಅವಳು ಹಿಂಡಿನ ಜೊತೆ ಹೋದಳೆಂದು ಕೇಳಿದೆ. ನಾನು ಮಾರ್ಚ್‌ನಲ್ಲೇ ನಾಲ್ಕನೆಯ ಸಲ ನಿವೃತ್ತನಾಗಿದ್ದೆ.

ಆಮೇಲಿನ ಮೂರು ವರ್ಷ ಶೇಡಬಾಳದ ಕಡೆಯ ಶಾಲೆಯೊಂದರಲ್ಲಿ ಕಳೆದವು. ಅಲ್ಲಿ ಅಣಕ ಮಾಡಿದೆ, ಆದರೆ ಕಂಡಕ್ಟರನದು, ಟ್ರ್ಯಾಕ್ಟರಿನದು, ನನ್ನದು. ಮಕ್ಕಳದು ಮಾಡಲಿಲ್ಲ. ಪಾಠದ ಪದ್ಧತಿಯೂ ಬದಲಾಯಿತು. ಯಾರಾದರೂ ತಪ್ಪು ಉತ್ತರ ಕೊಟ್ಟರೆ ಮೊದಲು "ಹೆಂಗ ಬಂತು?" ಎಂದು ಕೇಳಿ, ಅವರು ಪೂರ್ತಿ ಹೇಳುವವರೆಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತೆ. ನನ್ನಂಥವನಿಗೆ ಬಾಯಿ ಮುಚ್ಚುವುದು ಎಷ್ಟು ಕಷ್ಟವೆಂದು ನನ್ನ ಮನೆಯವರನ್ನು ಕೇಳಿ. ಒಬ್ಬ ಹುಡುಗ, "ಸರ, ಈ ರೂಢಿ ನಮಗ ಬ್ಯಾಡಂದ್ರ ಬಿಡಬಹುದೇನ್ರಿ?" ಎಂದು ಕೇಳಿದ. "ನೀ ಬರದದ್ದನ್ನ ನೀನ ಓದಂವ ಇದ್ರ ಬಿಡು. ಬ್ಯಾರೆದವರು ಓದಂವರಿದ್ರ ಹೆಂಗ ಬಿಡ್ತಿ?" ಎಂದೆ. ಚೆನ್ನಾಗಿಯೇ ಹೇಳಿದೆ. ಚೆನ್ನಾಗಿ ಹೇಳಿದಾಗಲೆಲ್ಲ ಮುಗಳಖೋಡದ ದಾರಿಯ ಆ ತರಗತಿ ನೆನಪಾಗುತ್ತಿತ್ತು.

ಕೆಲಸ ಬಿಟ್ಟ ಮೇಲೆ, ಹೋದ ತಿಂಗಳು, ಬೀರಪ್ಪನ ಹಿಂಡು ಕಾಗವಾಡದ ಹತ್ತಿರ ಕಬ್ಬು ಕಡಿದ ಹೊಲವೊಂದರಲ್ಲಿ ನಿಂತಿದೆಯೆಂದು ತಿಳಿಯಿತು. ಬೆಳಿಗ್ಗೆಯೇ ಬೈಕ್ ಹತ್ತಿ ಹೋದೆ. ಮಾಯವ್ವ ಎತ್ತರವಾಗಿದ್ದಳು. ಮೊದಲು ಗುರುತು ಹಿಡಿದವಳು ಅವಳೇ. "ಸರ, ಬರ್ರಿ" ಎಂದಳು. ಕಂಬಳಿ ಹಾಸಿದಳು. ಹಿಂಡು ಎಲ್ಲಿ ನಿಲ್ಲುತ್ತದೋ ಅಲ್ಲಿನ ಶಾಲೆಗೆ ಹೋಗುತ್ತಾಳಂತೆ. ಕೆಲವರು ಕೂರಿಸಿಕೊಳ್ಳುತ್ತಾರೆ, ಕೆಲವರು ಹೆಸರು ಎಲ್ಲಿದೆ ಎಂದು ಕೇಳಿ ಹೊರಗೆ ಕಳಿಸುತ್ತಾರೆ. ಈ ವರ್ಷ ಎಂಟನೆಯದು ಆಗಬೇಕಿತ್ತು. ಆಗಿಲ್ಲ.

ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದನ್ನು ಹೇಳತೊಡಗಿದೆ. ಹನ್ನೊಂದು ಸರಿಯಿತ್ತು. ನಿಯಮ ಬದಲಾಗಿರಲಿಲ್ಲ, ಮೊದಲಿನಿಂದಲೂ ಹಾಗೇ ಇತ್ತು. ಅವತ್ತು ನಾನು ಸುಳ್ಳು ಹೇಳಿದೆ. ಇಲ್ಲಿಯವರೆಗೆ ಸರಿಯಾಗಿಯೇ ಹೇಳಿದೆ. ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅವಳು ನನ್ನನ್ನೇ ನೋಡುತ್ತಿದ್ದುದು ತಡೆಯಲಾಗದೆ, ನೆಪ ಹೇಳಲು ಇಳಿದೆ.

"ಹಂಗ ನೋಡಿದ್ರ ಮಾಯವ್ವಾ, ಇದು ಸೂರ್ಯ ಮೂಡಿದಂಗ ಇರೂ ನಿಯಮ ಅಲ್ಲ. ಬರೇ ರೂಢಿ. ಬರ್ಯಾವರು ಓದಾವರು ಕೂಡಿ ಮಾಡಿಕೊಂಡ ಒಪ್ಪಂದ. ಐದು ಅಂತ ಒಪ್ಪಿಕೊಂಡಿದ್ರ ಐದೂ ನಡೀತಿತ್ತು..."

ಅವಳು ಹಿಂಡಿನಿಂದ ಆಚೆ ಹೊರಟ ಒಂದು ಆಡನ್ನು ಹುರ್ರ್ ಎಂದು ತಿರುಗಿಸಿದಳು. ಮತ್ತೆ ನನ್ನ ಕಡೆ ನೋಡಿದಳು.

"ಒಪ್ಪಂದಕ್ಕ ಇಬ್ಬರು ಬೇಕಲ್ರೀ ಸರ. ಅವತ್ತ ನಾ ಒಪ್ಪಿದ್ದಿಲ್ಲ, ಸುಮ್ಮಾಗಿದ್ದೆ."